ಚಾಲ್ತಿ ಸಾಲಿನ ಕಚ್ಚಾತೈಲ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಮೀನಿನವಳು ತಾಜಾ ಎಂದರೆ ಕಿವಿರು ಎತ್ತಿ ನೋಡುತ್ತೇನೆ. ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆ ಎಂದರೆ ಇಳಿಯುವ ತನಕ ಅವನ ಮೇಲಿನ ಕಣ್ಣು ತೆಗೆಯುವುದಿಲ್ಲ. ಮನೆಯವರು ಇದಕ್ಕಾಗಿ ನನ್ನನ್ನು ಹಾಸ್ಯ ಮಾಡುತ್ತಾರೆ. ಮಾಡಲಿ. ಪ್ರೋಗ್ರಾಂ ಬರೆಯುವವರಿಗೆ ಈ ಗುಣವೇ ಅನ್ನ ಹಾಕುವುದು.

ಆಗ ನಾನು ಮಣಿಪಾಲದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕರಾವಳಿಯ ಸಣ್ಣಪುಟ್ಟ ಬ್ರೋಕರ್ ಕಚೇರಿಗಳು ತಮ್ಮ ಗಿರಾಕಿಗಳ ಆರ್ಡರುಗಳನ್ನು ಮುಂಬೈಗೆ ಕಳಿಸುತ್ತಿದ್ದದ್ದು ನಮ್ಮ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಫ್ಯೂಚರ್ಸ್ ಒಪ್ಪಂದಗಳ ಹೆಸರು ಕಟ್ಟುವ ಕೆಲಸ. ಫ್ಯೂಚರ್ಸ್ ಎಂದರೆ ಮುಂದಿನ ಯಾವುದೋ ಒಂದು ತಿಂಗಳಿಗೆ ಇಂಥ ದರ ಎಂದು ಈಗಲೇ ಮಾಡಿಕೊಳ್ಳುವ ವ್ಯವಹಾರ. ಸೆಪ್ಟೆಂಬರಿನ ಕಚ್ಚಾತೈಲ ಬೇರೆ, ಅಕ್ಟೋಬರಿನದ್ದು ಬೇರೆ. ಸೆಪ್ಟೆಂಬರಿನದ್ದನ್ನು ಕೊಂಡವರು ಅದನ್ನೇ ಮಾರಿ ಹೊರಗೆ ಬರಬೇಕು. ಅಕ್ಟೋಬರಿನದ್ದನ್ನು ಮಾರಿದರೆ ಹಳೆಯದು ಹಾಗೇ ಉಳಿದು ಹೊಸದೊಂದು ತಲೆಗೆ ಅಂಟಿಕೊಳ್ಳುತ್ತದೆ.

ದಿನಾ ಬೆಳಿಗ್ಗೆ ಮುಂಬೈಯ ವಿನಿಮಯ ಕೇಂದ್ರದಿಂದ ಒಂದು ಕಡತ ಬರುತ್ತದೆ. ಪ್ರತಿ ಒಪ್ಪಂದಕ್ಕೂ ಒಂದು ಉದ್ದದ ಸಂಖ್ಯೆ, ಸರಕಿನ ಹೆಸರು, ಅವಧಿ ಮುಗಿಯುವ ದಿನ. ಇವನ್ನು ಜೋಡಿಸಿ ಮನುಷ್ಯರು ಓದುವಂಥ ಒಂದು ಸಿಂಬಲ್ ಮಾಡಬೇಕು: ಸರಕಿನ ಹೆಸರು, ತಿಂಗಳಿಗೆ ಮೂರಕ್ಷರ, ವರ್ಷದ ಎರಡು ಅಂಕೆ, ಕೊನೆಗೆ ಇದು ಫ್ಯೂಚರ್ಸ್ ಎಂಬ ಗುರುತು. ಒಂದು ಅಕ್ಷರ ಆಚೀಚೆ ಆದರೂ ಆರ್ಡರ್ ತಿರುಗಿ ಬರುತ್ತದೆ. ತಿರುಗಿ ಬಂದರೆ ಪುಣ್ಯ. ಬೇರೆ ತಿಂಗಳಿಗೆ ಹೋಗಿ ಕೂತರೆ ಅದು ಅನಾಹುತ.

ಡೀಲರುಗಳು, ಅಂದರೆ ಬ್ರೋಕರ್ ಕಚೇರಿಯಲ್ಲಿ ಕೂತು ಗಿರಾಕಿಯ ಮಾತು ಕೇಳಿ ಆರ್ಡರ್ ಒತ್ತುವವರು, ಇಷ್ಟುದ್ದದ ಹೆಸರನ್ನು ಪ್ರತಿ ಸಲ ಹುಡುಕಲು ಒಪ್ಪುವುದಿಲ್ಲ. ಅವರಿಗಾಗಿ ಪರದೆಯ ಮೇಲ್ಗಡೆ ‘ಚಾಲ್ತಿ’ ಎಂಬ ಒಂದು ಸಾಲು ಇಟ್ಟಿದ್ದೆವು. ಚಾಲ್ತಿ ಕಚ್ಚಾತೈಲ ಎಂದು ಒತ್ತಿದರೆ ಈಗ ನಡೆಯುತ್ತಿರುವ ತಿಂಗಳಿನದ್ದೇ ಹೋಗುತ್ತದೆ. ಅವಧಿ ಮುಗಿಯಲು ಕೆಲವು ಕೆಲಸದ ದಿನಗಳು ಉಳಿದಾಗ ಆ ಸಾಲು ತಾನಾಗಿ ಮುಂದಿನ ತಿಂಗಳಿಗೆ ಜಿಗಿಯುತ್ತದೆ. ಜಿಗಿದ ಬೆಳಿಗ್ಗೆ ಹಳದಿ ಬಣ್ಣದ ಒಂದು ಎಚ್ಚರಿಕೆ ಪರದೆಯ ನಡುವೆ ಬಂದು ನಿಲ್ಲುತ್ತದೆ. ಅದನ್ನು ಮುಚ್ಚದೆ ಮುಂದೆ ಹೋಗಲು ಬರುವುದಿಲ್ಲ.

ಆ ವರ್ಷ ಮುಂಬೈಯ ಒಂದು ದೊಡ್ಡ ಸಂಸ್ಥೆ ನಮ್ಮ ಸಾಫ್ಟ್‌ವೇರ್ ನೋಡಲು ಬರುವುದಿತ್ತು. ಅವರ ಪದ್ಧತಿಯಲ್ಲಿ ಸಿಂಬಲ್ಲಿನ ವರ್ಷ ಮೊದಲು, ತಿಂಗಳು ಆಮೇಲೆ. ನಮ್ಮದು ತದ್ವಿರುದ್ಧ. ಕಂಪನಿಯ ಯಜಮಾನರು ಬದಲಾಯಿಸಿ ಎಂದರು, ನಾನು ಬದಲಾಯಿಸಿದೆ. ಪ್ರತಿ ಸರಕಿಗೂ ಹಳೆಯ ಹೆಸರು, ಹೊಸ ಹೆಸರು ಎರಡೂ ಒಂದೇ ಸಂಖ್ಯೆಗೆ ಹೋಗುತ್ತವೆಯೇ ಎಂದು ಒಂದೊಂದಾಗಿ ಒತ್ತಿ ನೋಡಿದೆ. ಸೆಪ್ಟೆಂಬರಿನ ಮೊದಲ ವಾರ ಅದು ಎಲ್ಲ ಕಚೇರಿಗಳಿಗೂ ಹೋಯಿತು. ಎರಡನೆಯ ವಾರ ಕಾಪುವಿನಿಂದ ಫೋನ್ ಬಂತು.

ಕಾಪುವಿನ ಬ್ರೋಕರಿಗೆ ಕಾರ್ಕಳದಲ್ಲಿ ಒಬ್ಬರು ಹಳೆಯ ಗಿರಾಕಿ ಇದ್ದರು. ಕಲ್ಲಿನ ಕೋರೆಗಳಿಗೆ ಟಿಪ್ಪರ್ ಓಡಿಸುವ ಕೊಂಕಣಿ ಹೆಂಗಸು, ಊರಿಗೆಲ್ಲ ಬಾಯಮ್ಮ. ಡೀಸೆಲ್ ಏರಿ ಟಿಪ್ಪರಿನಲ್ಲಿ ಹೋದದ್ದು ಇಲ್ಲಾದರೂ ಸ್ವಲ್ಪ ಬರಲಿ ಎಂದು ಕಚ್ಚಾತೈಲದ ಫ್ಯೂಚರ್ಸ್ ಕೊಂಡಿಡುವುದು ಅವರ ಕ್ರಮ. ಬುಧವಾರ ಅವರು ಡೀಲರಿಗೆ ಫೋನ್ ಮಾಡಿ ಸೆಪ್ಟೆಂಬರಿನದ್ದನ್ನೆಲ್ಲ ಮಾರಲು ಹೇಳಿದರು. ಡೀಲರ್ ಚಾಲ್ತಿ ಸಾಲಿನಲ್ಲಿ ಒತ್ತಿ ಮಾರಿದರು. ಗುರುವಾರ ಬೆಳಿಗ್ಗೆ ನೋಡುವಾಗ ಸೆಪ್ಟೆಂಬರ್ ಇದ್ದ ಹಾಗೇ ಇತ್ತು, ಮಾರಿದ್ದು ಅಕ್ಟೋಬರ್ ಆಗಿತ್ತು. ಅಷ್ಟರಲ್ಲಿ ಸೆಪ್ಟೆಂಬರಿನ ದರ ಬಿದ್ದಿತ್ತು, ಅಕ್ಟೋಬರಿನದ್ದು ಅಷ್ಟು ಬಿದ್ದಿರಲಿಲ್ಲ; ನಡುವಿನ ನಷ್ಟ ಬಾಯಮ್ಮನದ್ದು.

ಯಜಮಾನರು ನನ್ನನ್ನು ಒಳಗೆ ಕರೆದರು. ಹಾಜರಿ ಹಾಕುವ ಸಾಫ್ಟ್‌ವೇರಿನಿಂದ ಶುರುಮಾಡಿ ಇಷ್ಟು ದೂರ ಬಂದವರು, ಜೋರು ಮಾತಿನವರಲ್ಲ. ಆ ದಿನವೂ ಮೆತ್ತಗೆಯೇ ಕೇಳಿದರು, ಹೊಸ ಫಾರ್ಮ್ಯಾಟಿನಲ್ಲಿ ಎಂತ ಆಗಿರಬಹುದು ಎಂದು. ಏನೂ ಆಗಿಲ್ಲ ಎಂದೆ. ಅವರು ತಲೆ ಆಡಿಸಿದರು. ನಾನು ನನ್ನ ಕುರ್ಚಿಗೆ ಬಂದು ಕೂತಾಗ ಹೊಸ ಆವೃತ್ತಿ ಕಳಿಸುವ ಅನುಮತಿಯನ್ನು ನನ್ನ ಹೆಸರಿನಿಂದ ತೆಗೆದಿದ್ದರು. ಹೇಳಿ ತೆಗೆದಿದ್ದರೆ ಬೇಸರ ಆಗುತ್ತಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಆಗ ನನಗೆ ಮೊದಲ ಅನುಮಾನ ಬಂದದ್ದು ಡೀಲರ್ ಮೇಲೆ. ತಪ್ಪು ಸಾಲು ಒತ್ತಿ ಈಗ ಸಾಫ್ಟ್‌ವೇರಿನ ತಲೆಗೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಎರಡನೆಯದ್ದು ನಮ್ಮ ಹಿರಿಯಡ್ಕದ ಟೆಸ್ಟರ್ ಮೇಲೆ. ಹೊಸ ಆವೃತ್ತಿಗೆ ಸರಿ ಉಂಟು ಎಂದು ಒಪ್ಪಿಗೆ ಕೊಟ್ಟದ್ದು ಅವನು. ಒತ್ತದೆ ಒಪ್ಪಿಗೆ ಹಾಕಿದ್ದಾನೋ ಏನೋ. ಬೆಳಿಗ್ಗೆಯಿಂದ ಯಜಮಾನರ ಕೋಣೆಗೆ ಹೋಗಿ ಬಂದು ಮಾಡುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ.

ಶುಕ್ರವಾರ ವಿಟ್ಲಪಿಂಡಿ, ಕೃಷ್ಣಾಷ್ಟಮಿಯ ಮರುದಿನದ ಮೊಸರುಕುಡಿಕೆ. ಉಡುಪಿಯವರು ಅಷ್ಟಮಿ ಮಾಡುವುದು ಸೌರಮಾನದ ಲೆಕ್ಕದಲ್ಲಿ. ಆ ವರ್ಷ ದೇಶದ ಉಳಿದ ಕಡೆ ಆಗಸ್ಟಿನಲ್ಲೇ ಮುಗಿದದ್ದು ನಮಗೆ ಬಂದದ್ದು ಸೆಪ್ಟೆಂಬರಿನಲ್ಲಿ. ನಮ್ಮ ಕಚೇರಿಗೆ ಪೂರ್ತಿ ರಜೆ. ಎಲ್ಲರೂ ಹುಲಿವೇಷ ನೋಡಲು ಪೇಟೆಗೆ ಹೊರಟರೆ ನನಗೆ ಮಾತ್ರ ಕಾಪುವಿಗೆ ಹೋಗಿ ಅಲ್ಲಿನ ಕಂಪ್ಯೂಟರ್ ನೋಡಿ ಬನ್ನಿ ಎಂದು ಅಪ್ಪಣೆ. ಶಿಕ್ಷೆ ಎಂದೇ ತಿಳಿದೆ. ಅಂಬಲಪಾಡಿಯಲ್ಲಿ ನನ್ನ ಮನೆಯ ಹತ್ತಿರವೇ ಹೆದ್ದಾರಿ, ಪೇಟೆಯ ಗದ್ದಲ ತಾಗದೆ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಯಜಮಾನರನ್ನು ಮನಸ್ಸಿನಲ್ಲೇ ಬೈದೆ.

ಕಾಪುವಿನ ಕಚೇರಿ ಎಂದಿನ ಹಾಗೆ ನಡೆಯುತ್ತಿತ್ತು. ಪರದೆಯಲ್ಲಿ ಚಿನ್ನ, ಬೆಳ್ಳಿ, ತೈಲದ ದರಗಳು ಕೆಂಪು ಹಸಿರಾಗಿ ಓಡುತ್ತಿದ್ದವು. ಡೀಲರಿನ ಕುರ್ಚಿಯಲ್ಲಿ ಬ್ರೋಕರ್ ತಾವೇ ಕೂತು ಆರ್ಡರ್ ಒತ್ತುತ್ತಿದ್ದರು. ಡೀಲರ್ ಮೂಲೆಯ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದರು. ನಲವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಅವರ ಲಾಗಿನ್ ನಿಲ್ಲಿಸಿದ್ದಾರಂತೆ. ವರದಿಯಲ್ಲಿ ಅವರ ತಪ್ಪು ಎಂದು ಬಂದರೆ ಕೆಲಸದಿಂದ ತೆಗೆಯುವುದು ಮಾತ್ರವಲ್ಲ, ಬೇರೆ ಬ್ರೋಕರುಗಳಿಗೂ ಸುದ್ದಿ ಹೋಗುತ್ತದೆ ಎಂದು ಬ್ರೋಕರ್ ಅವರ ಎದುರಿನಲ್ಲೇ ನನಗೆ ಹೇಳಿದರು. ಆ ಮೇಲೆ ಈ ಕರಾವಳಿಯಲ್ಲಿ ಅವರಿಗೆ ಡೀಲರ್ ಕೆಲಸ ಸಿಗುವುದಿಲ್ಲ.

ಡೀಲರನ್ನು ನಾನು ಪೊಲೀಸರ ಹಾಗೆ ಕೇಳಿದೆ. ಯಾವ ಸಾಲು ಒತ್ತಿದ್ದು, ಮೌಸಿನಲ್ಲೋ ಕೀಲಿಯಲ್ಲೋ, ಹಳದಿ ಎಚ್ಚರಿಕೆ ಓದಿದಿರೋ ಓದದೆ ಮುಚ್ಚಿದಿರೋ. ಬುಧವಾರ ಎಚ್ಚರಿಕೆ ಬರಲೇ ಇಲ್ಲ ಎಂದರು. ಗುರುವಾರ ಬಂತು ಎಂದರು. ನನಗೆ ನಗು ಬಂತು. ಸಾಲು ಜಿಗಿದ ದಿನ ಬಾರದ ಎಚ್ಚರಿಕೆ ಮರುದಿನ ಬರುತ್ತದೆಯೇ. ಸುಳ್ಳು ಹೇಳಲಿಕ್ಕೂ ಗೊತ್ತಿಲ್ಲ ಈ ಮನುಷ್ಯನಿಗೆ ಎಂದುಕೊಂಡೆ.

ಆದರೆ ಪರದೆಯ ಹತ್ತಿರ ಬಗ್ಗಿ ನೋಡಿದಾಗ ನನ್ನ ನಗು ನಿಂತಿತು. ಅವರದ್ದು ಹಳೆಯ, ಸಣ್ಣ ಮಾನಿಟರ್. ಸಿಂಬಲ್ ಬರುವ ಅಂಕಣ ಅಲ್ಲಿ ಕಿರಿದಾಗುತ್ತದೆ. ಮೊದಲಿನ ಫಾರ್ಮ್ಯಾಟಿನಲ್ಲಿ ಸರಕಿನ ಹೆಸರಾದ ಕೂಡಲೇ ತಿಂಗಳು ಬರುತ್ತಿದ್ದ ಕಾರಣ ಕಾಣುತ್ತಿತ್ತು. ನನ್ನ ಹೊಸ ಫಾರ್ಮ್ಯಾಟಿನಲ್ಲಿ ಹೆಸರು, ವರ್ಷ, ಅಷ್ಟಕ್ಕೇ ಜಾಗ ಮುಗಿದು ಮೂರು ಚುಕ್ಕೆ. ತಿಂಗಳು ಚುಕ್ಕೆಗಳ ಹಿಂದೆ ಹೋಗಿತ್ತು. ಮಣಿಪಾಲದ ನಮ್ಮ ಅಗಲದ ಮಾನಿಟರುಗಳಲ್ಲಿ ಇದು ಕಾಣುವುದೇ ಇಲ್ಲ. ಬ್ರೋಕರ್ ಹಿಂದೆ ನಿಂತು ನೋಡುತ್ತಿದ್ದರು. ನಾನು ಅಂಕಣವನ್ನು ಎಳೆದು ಅಗಲ ಮಾಡಿ ಎದ್ದೆ, ಏನೂ ಹೇಳಲಿಲ್ಲ. ಹೇಳಿದರೆ ಎಲ್ಲವನ್ನೂ ನನ್ನ ತಲೆಗೆ ಹಾಕುತ್ತಾರೆ ಎಂಬ ಹೆದರಿಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಮನಸ್ಸು ಹುಳಿ ಹುಳಿ. ಡೀಲರಿಗೆ ತಿಂಗಳು ಕಾಣಲಿಲ್ಲ, ಸರಿ. ಕಾಣದಿದ್ದರೂ ಬುಧವಾರ ಚಾಲ್ತಿ ಸಾಲಿನಲ್ಲಿ ಇರಬೇಕಾದದ್ದು ಸೆಪ್ಟೆಂಬರ್. ಅದು ಜಿಗಿಯಬೇಕಾದದ್ದು ಗುರುವಾರ. ಎರಡು ಸಲ ಬೆರಳು ಮಡಿಚಿ ಎಣಿಸಿದೆ. ಮೊದಲ ಸಲ ಬುಧವಾರ ಬಂತು, ಎರಡನೆಯ ಸಲ ಗುರುವಾರ ಬಂತು. ಬಸ್ಸಿನ ಅಲುಗಾಟದಲ್ಲಿ ಎಲ್ಲೋ ತಪ್ಪಿತು ಎಂದು ಬಿಟ್ಟೆ. ಈಗ ನೆನೆದರೆ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಶನಿವಾರ ಟೆಸ್ಟರನ್ನು ಕೂರಿಸಿಕೊಂಡೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಡೀ ಸಾಫ್ಟ್‌ವೇರಿನ ಒಂದು ಪ್ರತಿ ತೆಗೆದೆ. ಹೆಸರುಗಳ ನಕ್ಷೆ, ಕ್ಯಾಲೆಂಡರ್, ವಾರದ ಕಡತಗಳು, ಎಲ್ಲ. ಆಮೇಲೆ ಅದರ ದಿನಾಂಕವನ್ನು ಸೋಮವಾರಕ್ಕೆ ಹಿಂದೆ ತಳ್ಳಿ ಒಂದೊಂದೇ ದಿನ ಮುಂದೆ ತಂದೆವು. ಸೋಮವಾರ, ಸಾಲಿನಲ್ಲಿ ಸೆಪ್ಟೆಂಬರ್. ಮಂಗಳವಾರ, ಸೆಪ್ಟೆಂಬರ್. ಬುಧವಾರ ಅಕ್ಟೋಬರ್. ಎಚ್ಚರಿಕೆ ಇಲ್ಲ. ಗುರುವಾರಕ್ಕೆ ತಂದೆವು, ಹಳದಿ ಎಚ್ಚರಿಕೆ ಬಂದು ನಡುವೆ ನಿಂತಿತು. ಡೀಲರ್ ಹೇಳಿದ್ದು ಅಕ್ಷರಶಃ ಸತ್ಯ. ನನ್ನ ಮುಖ ಬಿಸಿಯಾಯಿತು.

ಸಾಲು ಜಿಗಿಸುವ ಭಾಗ ಒಂದು, ಎಚ್ಚರಿಕೆ ಕಳಿಸುವ ಭಾಗ ಇನ್ನೊಂದು. ಇವೆರಡು ಕೆಲಸದ ದಿನಗಳನ್ನು ಬೇರೆ ಬೇರೆ ಎಣಿಸುತ್ತಿವೆ ಎಂದಾಯಿತು. ಅವಧಿ ಮುಗಿಯಲು ಎಷ್ಟು ಕೆಲಸದ ದಿನ ಉಳಿದಿದೆ ಎಂದು ಸಾಲಿನ ಭಾಗ ಒಳಗೊಳಗೇ ಇಳಿಸುತ್ತಾ ಬರುವ ಒಂದು ಲೆಕ್ಕ ಉಂಟು. ಅದನ್ನು ಪರದೆಯ ಮೇಲೆ ಕಾಣುವ ಹಾಗೆ ಮಾಡಿ ಮತ್ತೆ ದಿನಗಳನ್ನು ಓಡಿಸಿದೆ. ಒಂದೊಂದು ದಿನಕ್ಕೆ ಒಂದೊಂದು ಇಳಿಯಿತು. ಶುಕ್ರವಾರ ಇಳಿಯಲಿಲ್ಲ.

“ವಿಟ್ಲಪಿಂಡಿ ಅಲ್ವಾ ಮೇಡಂ, ರಜೆ” ಎಂದ ಟೆಸ್ಟರ್.

ಹೌದು ಎಂದು ನಾನೂ ಸೋಮವಾರಕ್ಕೆ ಒತ್ತಿದೆ. ಒತ್ತಿ ಅರೆಕ್ಷಣ ಆಯಿತೋ ಇಲ್ಲವೋ, ಬೆರಳು ಅಲ್ಲೇ ನಿಂತಿತು. ನಿನ್ನೆ ನಾನು ಕಾಪುವಿನಲ್ಲಿ ಕೂತು ದರ ಓಡುವುದನ್ನು ನೋಡಿದ್ದೆ. ನಿನ್ನೆ ಮಾರುಕಟ್ಟೆ ತೆರೆದಿತ್ತು. ಮುಂಬೈಯವರಿಗೆ ಎಂತ ವಿಟ್ಲಪಿಂಡಿ, ಅವರು ಮಡಕೆ ಒಡೆದು ಮನೆಗೆ ಹೋಗಿ ತಿಂಗಳಾಗಿತ್ತು. ಈ ರಜೆ ಉಡುಪಿಯದ್ದು. ಬಸ್ಸಿನಲ್ಲಿ ನನ್ನ ಬೆರಳೂ ಒಮ್ಮೆ ಆ ಶುಕ್ರವಾರವನ್ನು ಹಾರಿ ಎಣಿಸಿತ್ತು. ನಮ್ಮ ಕಚೇರಿಯಲ್ಲಿ ಇದ್ದವರೆಲ್ಲ ಇಲ್ಲಿಯೇ ಹುಟ್ಟಿ ಬೆಳೆದವರು, ವಿಟ್ಲಪಿಂಡಿಗೆ ರಜೆ ಇದ್ದರೆ ನಮ್ಮಲ್ಲಿ ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲು ಸಾಧ್ಯವೇ ಇರಲಿಲ್ಲ.

ಕ್ಯಾಲೆಂಡರ್ ತೆರೆದೆ. ಅದು ಹಳೆಯ ಹಾಜರಿ ಸಾಫ್ಟ್‌ವೇರಿನಿಂದ ತಂದು ಜೋಡಿಸಿದ್ದು. ಒಂದು ರಜೆಯನ್ನು ಎರಡು ಕಡೆ ಯಾಕೆ ತುಂಬುವುದು ಎಂದು ಯಜಮಾನರೇ ಹಾಗೆ ಮಾಡಿಸಿದ್ದರು. ಪ್ರತಿ ರಜೆಯ ಎದುರು ಎರಡು ಚೌಕ: ಕಚೇರಿಗೆ ಒಂದು, ಮಾರುಕಟ್ಟೆಗೆ ಒಂದು. ವಿಟ್ಲಪಿಂಡಿಯ ಎದುರು ಎರಡೂ ಚೌಕದಲ್ಲಿ ಟಿಕ್ ಇತ್ತು. ಎಚ್ಚರಿಕೆಯ ಭಾಗ ಮುಂಬೈಯ ರಜೆಗಳನ್ನು ನೇರ ಮುಂಬೈಯಿಂದಲೇ ತೆಗೆದುಕೊಳ್ಳುವ ಕಾರಣ ಅದು ಸರಿಯಾಗಿ ಎಣಿಸಿತ್ತು. ಪ್ರತಿ ವರ್ಷ ರಜೆ ತುಂಬುವವರು ಕಡಿಯಾಳಿಯ ನಮ್ಮ ಆಫೀಸ್ ಮೇನೇಜರ್. ಈ ಸಲ ಅವರು ಹೆರಿಗೆ ರಜೆಯಲ್ಲಿದ್ದರು. ಹಾಗಾದರೆ ತುಂಬಿದ್ದು ಯಾರು ಎಂದು ನೋಡಿದೆ. ಯಜಮಾನರ ಲಾಗಿನ್.

ಟೆಸ್ಟರಿಗೆ ಹೇಳಲಿಲ್ಲ. ಅವನೂ ನೋಡಿದನೋ ಎಂದು ಮುಖ ನೋಡಿದೆ, ಗೊತ್ತಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ತಂದೆ. ಭಾನುವಾರ ಇಡೀ ದಿನ ಒಂದೇ ಯೋಚನೆ. ಯಜಮಾನರಿಗೆ ಇದು ಗೊತ್ತಿಲ್ಲದೆ ಇರಬಹುದು. ಗೊತ್ತಿದ್ದೂ ಸುಮ್ಮನೆ ಇರಬಹುದು. ನನ್ನ ಅನುಮತಿ ತೆಗೆದದ್ದು ಯಾಕೆ, ನಾನು ಹುಡುಕದೆ ಇರಲಿ ಎಂದೇ? ಅನ್ನ ಕೊಟ್ಟವರ ಮೇಲೆ ಹೀಗೆಲ್ಲ ಯೋಚಿಸಬಾರದು ಎಂದು ನನಗೆ ನಾನೇ ಗದರಿಕೊಂಡೆ. ಪ್ರಯೋಜನವಾಗಲಿಲ್ಲ.

ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದು ಮೊದಲು ಕ್ಯಾಲೆಂಡರ್ ನೋಡಿದೆ. ವಿಟ್ಲಪಿಂಡಿಯ ಎದುರು ಮಾರುಕಟ್ಟೆಯ ಚೌಕ ಖಾಲಿ. ಟಿಕ್ ಹೋಗಿತ್ತು. ಟೆಸ್ಟರನ್ನು ಹಿಡಿದು ಕೇಳಿದೆ. ಶನಿವಾರ ಸಂಜೆ ಸರ್ ಫೋನ್ ಮಾಡಿ ಎಂತ ಸಿಕ್ಕಿತು ಎಂದು ಕೇಳಿದರು, ಶುಕ್ರವಾರ ಲೆಕ್ಕ ಇಳಿಯಲಿಲ್ಲ ಎಂದು ಹೇಳಿದೆ, ಅಷ್ಟೇ ಎಂದ. ಅವನ ಮೇಲೆ ಸಿಟ್ಟು ಬಂತು, ಆದರೆ ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟವನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಬೇರೆ ಕಡೆ.

ಯಜಮಾನರು ಕರೆದರು. ಆ ಮಧ್ಯಾಹ್ನ ಕಾಪುವಿನಲ್ಲಿ ಬ್ರೋಕರ್, ಬಾಯಮ್ಮ ಎಲ್ಲರೂ ಸೇರುತ್ತಾರೆ, ನಮ್ಮ ವರದಿ ಕೊಡಬೇಕು ಎಂದರು. ವಾರದ ಕೊನೆಗೆ ಮುಂಬೈಯವರು ಬರುತ್ತಾರೆ, ಅಷ್ಟರ ಒಳಗೆ ಇದು ಮುಗಿಯಬೇಕು. ವರದಿ ಆಗಲೇ ಅಚ್ಚಾಗಿ ಅವರ ಮೇಜಿನ ಮೇಲಿತ್ತು. ನಿರ್ವಾಹಕರ, ಅಂದರೆ ಡೀಲರಿನ, ತಪ್ಪು ಎಂದು ಅದರಲ್ಲಿತ್ತು. ನನ್ನ ಸಹಿ ಬೇಕಂತೆ, ಸಿಂಬಲ್ ನನ್ನ ಭಾಗವಾದ್ದರಿಂದ.

“ಆ ಸಣ್ಣ ಮಾನಿಟರ್ ವಿಷಯ ನನಗೂ ಗೊತ್ತುಂಟು ಮಾರಾಯ್ತಿ” ಎಂದರು. “ಬ್ರೋಕರ್ ಹೇಳಿದ್ರು. ಡೀಲರಿನ ತಪ್ಪು ಅಲ್ಲ ಅಂತಾದ್ರೆ ಮತ್ತೆ ಉಳಿಯುವುದು ನಿಮ್ಮ ಫಾರ್ಮ್ಯಾಟ್. ನಾನು ನಿಮ್ಮನ್ನು ಉಳಿಸ್ಲಿಕ್ಕೆ ನೋಡ್ತಾ ಇದ್ದೇನೆ.”

ಉಳಿಸಲಿಕ್ಕಂತೆ. ಡೀಲರ್ ಇಲ್ಲವೇ ನಾನು ಎಂದು ಎರಡು ಬಾಗಿಲು ತೆರೆದಿಟ್ಟು, ಮೂರನೆಯದಕ್ಕೆ ತಾವು ಬೆನ್ನು ಕೊಟ್ಟು ನಿಂತಿದ್ದರು. ಒಂದು ನಿಮಿಷ ಪೆನ್ನು ಕೈಗೆ ತೆಗೆದುಕೊಂಡೆ ಎಂಬುದು ನಿಜ. ನನಗೂ ಮನೆ ಉಂಟು, ಸಾಲದ ಕಂತು ಉಂಟು. ಕಾಪುವಿನ ಆ ಮನುಷ್ಯ ನನಗೆ ಅಣ್ಣನೂ ಅಲ್ಲ ತಮ್ಮನೂ ಅಲ್ಲ. ಆದರೆ ಬುಧವಾರ ಎಚ್ಚರಿಕೆ ಬರಲಿಲ್ಲ, ಗುರುವಾರ ಬಂತು ಎಂದು ಅವರು ಹೇಳಿದಾಗ ನಾನು ಅವರ ಮುಖಕ್ಕೇ ನಕ್ಕಿದ್ದೆ. ಪೆನ್ನನ್ನು ಮೇಜಿನ ಮೇಲಿಟ್ಟು, ಅಲ್ಲಿಯೇ ಸಹಿ ಹಾಕುತ್ತೇನೆ ಸರ್ ಎಂದೆ. ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಅವರ ಕಾರಿನಲ್ಲಿ ಕೂತೆ.

ಕಟಪಾಡಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ, ಹಿಂದಿನಿಂದ ಚುಚ್ಚುವುದು ನನ್ನ ಜಾಯಮಾನವೂ ಅಲ್ಲ. ವಿಟ್ಲಪಿಂಡಿಯ ಟಿಕ್ ನೀವು ತೆಗೆದದ್ದಾ ಎಂದು ನೇರ ಕೇಳಿದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು.

“ಅದು ಈಗ ಇಲ್ವಲ್ಲ. ಇಲ್ಲದ್ದರ ಮಾತು ಅಲ್ಲಿ ಎಂತಕ್ಕೆ ತೆಗೆಯುವುದು?”

“ನನ್ನ ಲ್ಯಾಪ್‌ಟಾಪಿನಲ್ಲಿ ಉಂಟು ಸರ್” ಎಂದೆ.

ಅವರು ಕಾರು ನಿಧಾನ ಮಾಡಿದರು. ಇಳಿಸಿಬಿಡುತ್ತಾರೆ ಎಂದೇ ಅಂದುಕೊಂಡೆ, ಚೀಲವನ್ನು ತೊಡೆಯ ಮೇಲೆ ಗಟ್ಟಿ ಹಿಡಿದೆ. ಅವರು ಇಳಿಸಲಿಲ್ಲ. ಮತ್ತೆ ವೇಗ ಹೆಚ್ಚಿಸಿ ಕಾಪುವಿಗೇ ಬಿಟ್ಟರು.

ಬ್ರೋಕರಿನ ಕೋಣೆಯಲ್ಲಿ ಬಾಯಮ್ಮ ಮ್ಯಾಕ್ಸಿಯ ಮೇಲೆ ಶಾಲು ಹೊದ್ದು ಮೊದಲೇ ಬಂದು ಕೂತಿದ್ದರು. ನೋಡಿದರೆ ಜಗಳಕ್ಕೆ ಬಂದವರ ಹಾಗೆ ಇರಲಿಲ್ಲ, ಸುಸ್ತಾದವರ ಹಾಗಿದ್ದರು. ಡೀಲರ್ ಬಾಗಿಲ ಬಳಿ ನಿಂತಿದ್ದರು. ನಾವು ಕೂರುವ ಮೊದಲೇ ಬ್ರೋಕರ್ ಹೇಳಿದರು, ವರದಿಯ ಅಗತ್ಯವೂ ಈಗ ಅಷ್ಟಿಲ್ಲ, ಅವನು ತಪ್ಪು ಒಪ್ಪಿಕೊಂಡು ಬರೆದುಕೊಟ್ಟಿದ್ದಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಗಾದೆ ನನ್ನ ತಲೆಗೂ ಬಂತು. ಯಜಮಾನರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನೀವು ನಿಜವಾಗಿ ತಪ್ಪು ಒತ್ತಿದ್ದಾ ಎಂದು ನಾನು ಡೀಲರನ್ನು ಕೇಳಿದೆ.

“ಒತ್ತಿರ್ಬೇಕು ಮೇಡಂ” ಎಂದರು. “ನನಗೆ ನೆನಪಿರುವುದು ಚಾಲ್ತಿ ಸಾಲೇ ಒತ್ತಿದ್ದು. ಆದ್ರೆ ಎಲ್ಲರೂ ಹೇಳುವಾಗ… ನೀವೂ ನಂಬಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳ್ತದಾ? ಕೈಯೇ ತಪ್ಪಿರ್ಬೇಕು.”

ಬಾಯಮ್ಮ ಆಗ ಬಾಯಿ ತೆರೆದರು. ಫೋನಿನಲ್ಲಿ ಇವರು ಸೆಪ್ಟೆಂಬರ್ ಮಾರಿದೆ ಎಂದೇ ಹೇಳಿದ್ದು, ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿದವರಲ್ಲ, ತನಗೆ ಈ ಬರೆದುಕೊಟ್ಟದ್ದೆಲ್ಲ ಬೇಡ, ಆದದ್ದು ಹೇಗೆ ಎಂದು ಮಾತ್ರ ಗೊತ್ತಾಗಬೇಕು ಎಂದರು. ನಾಳೆ ಮತ್ತೆ ಆಗುವುದಿಲ್ಲ ಎಂದು ಯಾರು ಹೇಳುತ್ತಾರೆ ಎಂದೂ ಕೇಳಿದರು.

ನಾನು ಲ್ಯಾಪ್‌ಟಾಪ್ ತೆರೆದು ಎಲ್ಲರ ಕಡೆಗೆ ತಿರುಗಿಸಿದೆ. ಮೊದಲು ನನ್ನದನ್ನು ಹೇಳಿದೆ: ಸಿಂಬಲ್ಲಿನಲ್ಲಿ ವರ್ಷವನ್ನು ಮುಂದೆ ತಂದದ್ದು ನಾನು, ಈ ಕಚೇರಿಯ ಸಣ್ಣ ಪರದೆಯಲ್ಲಿ ತಿಂಗಳು ಕಾಣದೆ ಹೋದದ್ದು ಅದರಿಂದ, ಕಂಡಿದ್ದರೆ ಇವರು ಒತ್ತುತ್ತಲೇ ಇರಲಿಲ್ಲ. ಆಮೇಲೆ ಕ್ಯಾಲೆಂಡರಿನ ಆ ಪುಟ ತೋರಿಸಿದೆ. ವಿಟ್ಲಪಿಂಡಿ, ಎರಡು ಚೌಕ, ಎರಡು ಟಿಕ್. ಉಡುಪಿಯ ಹಬ್ಬವನ್ನು ಮುಂಬೈಗೂ ರಜೆ ಎಂದು ತಿಳಿದು, ಉಳಿದ ಕೆಲಸದ ದಿನ ಒಂದು ಕಡಿಮೆ ಎಣಿಸಿ, ಸಾಲು ಒಂದು ದಿನ ಮೊದಲೇ ಮುಂದಿನ ತಿಂಗಳಿಗೆ ಹೋದದ್ದನ್ನು ವಿವರಿಸಿದೆ.

ಬ್ರೋಕರ್ ಕನ್ನಡಕ ಸರಿಮಾಡಿಕೊಂಡು ಕೇಳಿದರು, ಈ ರಜೆ ಹಾಕಿದ್ದು ಯಾರು ಎಂದು. ಹಾಕಿದವರ ಹೆಸರು ಅದೇ ಪುಟದ ಕೆಳಗಿತ್ತು, ನಾನು ಅಲ್ಲಿಗೆ ಇಳಿಸಲಿಲ್ಲ. ಕೈಯನ್ನು ಹಾಗೆಯೇ ಇಟ್ಟು ಕಾದೆ.

“ನಾನು” ಎಂದರು ಯಜಮಾನರು. “ವಿಟ್ಲಪಿಂಡಿಗೆ ಯಾರು ಮಾರಾಯ ಕೆಲಸ ಮಾಡ್ತಾರೆ ಅಂತ ಎರಡಕ್ಕೂ ಹಾಕಿದೆ. ಶನಿವಾರ ಗೊತ್ತಾಯ್ತು. ತೆಗೆದೆ.”

ಇದನ್ನು ಅವರ ದೊಡ್ಡತನ ಎಂದು ಆಮೇಲೆ ಹಲವರು ನನಗೆ ಹೇಳಿದ್ದಾರೆ. ನಾನು ಈಗಲೂ ಒಪ್ಪುವುದಿಲ್ಲ. ಒಂದು ಬೆರಳು ಆಡಿಸಿದರೆ ಅವರ ಹೆಸರು ಪರದೆಗೆ ಬರುತ್ತಿತ್ತು, ಅದು ಅವರಿಗೂ ಗೊತ್ತಿತ್ತು.

ಬ್ರೋಕರ್ ಎದ್ದು ನಿಂತರು. ಬಾಯಮ್ಮ ಏನೋ ಕೊಂಕಣಿಯಲ್ಲಿ ಗೊಣಗಿದರು, ಯೇಸುವಿನ ಹೆಸರು ಮಾತ್ರ ನನಗೆ ತಿಳಿಯಿತು. ಡೀಲರ್ ಬಾಗಿಲ ಬಳಿಯಿಂದ ಅಲುಗಾಡಿರಲಿಲ್ಲ. ಅವರಿಗೆ ಅರ್ಥವಾಗಲಿಲ್ಲವೋ ಎಂದು ಕರೆದು ಲ್ಯಾಪ್‌ಟಾಪಿನ ಎದುರು ಕೂರಿಸಿದೆ. ಕೀಲಿಗಳ ಹತ್ತಿರ ಕೈ ತರಲಿಲ್ಲ ಅವರು, ಎರಡೂ ಕೈಗಳನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡರು. ದಿನಾಂಕವನ್ನು ನಾನು ಮಂಗಳವಾರಕ್ಕೆ ತಂದೆ. ಚಾಲ್ತಿ ಸಾಲಿನಲ್ಲಿ ಸೆಪ್ಟೆಂಬರ್ ಎಂದಿತ್ತು. ಬುಧವಾರಕ್ಕೆ ತಂದೆ. ಯಾರೂ ಏನೂ ಒತ್ತದೆ ಅದು ಅಕ್ಟೋಬರ್ ಆಯಿತು.

ಇನ್ನೊಮ್ಮೆ ತೋರಿಸಿ ಎಂದರು. ತೋರಿಸಿದೆ. ಮತ್ತೊಮ್ಮೆ ಎಂದರು. ಮತ್ತೆ ಮಂಗಳವಾರ, ಮತ್ತೆ ಬುಧವಾರ.

ಅವರು ಬಲಗೈಯನ್ನು ತೊಡೆಯ ಸಂದಿಯಿಂದ ತೆಗೆದು ಮೇಜಿನ ಮೇಲಿಟ್ಟು ಬ್ರೋಕರಿನ ಕಡೆ ತಿರುಗಿದರು.

“ಈ ಕೈ ಅಲ್ಲ ಸರ್” ಎಂದರು. “ನಾನು ಮನೆಯಲ್ಲಿ ಇದಕ್ಕೆ ಹೊಡೆದುಕೊಂಡೆ.”